ಎರಡನೇದು ಯಾವಾಗ ಅಂತ ಕೇಳಿದವ್ರಿಗೆ

ಹ್ವಾದ ಸಲ ರಂಜಕದ ಬಗ್ಗೆ ಬರದಾಗ ಭಾಳ ಮಂದಿ ಫೋನ್ ಮಾಡಿದ್ರಿ. ಮಾತು ಮೆಣಸಿನಕಾಯಿಂದ ಸುರು ಆದ್ರೂ ಕಡೀಕ ಒಂದ ಕಡೆ ಬಂದು ನಿಲ್ತಿತ್ತು. "ನಿಮ್ಮ ಸೊಸಿಗೆ ಎರಡನೇದು ಯಾವಾಗ್ರಿ? ಮಮ್ಮಗಳಿಗೆ ನಾಲ್ಕು ತುಂಬಾಕ ಬಂತಲ್ಲ."

ಈಗ ಹೇಳಾಕ ಅಡ್ಡಿ ಇಲ್ಲ. ಸೊಸಿಗೆ ಈಗ ಏಳು ತಿಂಗಳು. ಆದ್ರ ಇಲ್ಲಿಗೆ ಬರಾಕ ನಮ್ಮನಿಗೆ ಮೂರು ವರ್ಷದ ಮ್ಯಾಲೆ ಹಿಡೀತು. ಯಾಕ ಹಿಡೀತು, ಅಷ್ಟು ದಿನ ಏನೇನು ಮಾಡಿದ್ವಿ ಅನ್ನೋದನ್ನ ಬರೀರಿ ಅಂತ ಆಕೀನ ಹೇಳಿದ್ಲು. "ನನ್ನ ಹೆಸರು ಬ್ಯಾಡ್ರಿ ಅತ್ತಿ, ಉಳಿದದ್ದು ಬರೀರಿ. ನನ್ನಂಗ ಇನ್ನೊಬ್ಬಾಕಿ ಎಲ್ಲೆರೆ ಇರ್ತಾಳ" ಅಂದ್ಲು. ಬರದದ್ದನ್ನ ಮೊದಲ ಆಕೀಗೆ ಓದಿ ಹೇಳೇನಿ. ಎರಡು ಕಡೆ ತಿದ್ದಿಸ್ಯಾಳ.

ಮೊದಲನೇ ಹೆರಿಗಿ ನಮ್ಮ ಪದ್ಧತಿ ಪ್ರಕಾರ ತವರುಮನಿ ಊರಾಗ ಆತು. ಬೆಳಿಗ್ಗೆ 6ಕ್ಕ ಬ್ಯಾನಿ ಸುರು ಆತಂತ ಆಸ್ಪತ್ರಿಗೆ ಕರ್ಕೊಂಡು ಹ್ವಾದ್ರು. ಅಲ್ಲಿಂದ ಮರುದಿನ ನಸುಕಿನ ತನಕ ಆಕಿ ಒಬ್ಬಾಕೀನ ಒಳಗ. ಬೀಗ್ತಿ ಬಾಗಿಲ ಮುಂದ. ನಾವು ಮಧ್ಯಾಹ್ನದ ಹೊತ್ತಿಗೆ ಹೋಗಿ ಮುಟ್ಟಿದ್ವಿ, ನಮ್ಮನ್ನೂ ಬಿಡಲಿಲ್ಲ. ಒಳಗ ನೋವಿಗೆ ಚೀರಿದ್ರ ಬೈತಿದ್ರಂತ. ಯಾವ ಮಾತು ಅಂತ ಇಲ್ಲಿ ಬರಿಯಾಕ ಬರಂಗಿಲ್ಲ, ಹಡದ ಹೆಣ್ಣುಮಕ್ಕಳಿಗೆ ಗೊತ್ತಿರ್ತೈತಿ. ತೊಡಿಗೆ ಹೊಡದಿದ್ದೂ ಆಗೈತಿ. "ನೀ ಸರಿಯಾಗಿ ತಿಣುಕವಲ್ಲಿ, ಕೂಸಿಗೆ ಏನರೆ ಆದ್ರ ನಿನ್ನ ಮ್ಯಾಲೆ" ಅಂತ ಅಂದ್ರಂತ. ರಾತ್ರಿ ಎರಡರ ಸುಮಾರು ಒಮ್ಮೆಲೆ ನಾಲ್ಕು ಮಂದಿ ಬಂದು ಸ್ಟ್ರೆಚರ್ ಮ್ಯಾಲೆ ಹಾಕ್ಕೊಂಡು ಓಡಿದ್ರು. ಯಾಕ, ಎಲ್ಲಿಗೆ ಅಂತ ಆಕೀಗೆ ಒಂದು ಮಾತು ಹೇಳಲಿಲ್ಲ. ಹೊರಗ ನಮ್ಮ ಮಗನ್ನ ಕರದು ಸಹಿ ಮಾಡಿಸ್ಕೊಂಡ್ರು. ಆಪರೇಷನ್ ಆತು, ಆಮ್ಯಾಲೆ ರಕ್ತ ನಿಲ್ಲಲಿಲ್ಲ. ಎರಡು ಬಾಟ್ಲಿ ರಕ್ತ ಏರಿಸಿದ್ರು. ಕೂಸಿನ್ನ ಗಾಜಿನ ಪೆಟ್ಟಿಗ್ಯಾಗ ಇಟ್ಟಿದ್ರು. ಹಡದಾಕಿ ತನ್ನ ಮಗಳ ಮಾರಿ ನೋಡಿದ್ದು ಎರಡನೇ ದಿನ ಸಂಜೀಕ.

ಎಲ್ಲಾರೂ ಏನಂದ್ರು ಹೇಳ್ರಿ? "ತಾಯಿ, ಕೂಸು ಇಬ್ರೂ ಉಳದ್ರಲ್ಲ, ಅದ ಪುಣ್ಯ." ಹೌದ್ರಿ, ಪುಣ್ಯಾನ. ನಾನೂ ಸಿದ್ಧಾರೂಢರ ಮಠಕ್ಕ ಹೋಗಿ ಕಾಯಿ ಒಡಸ್ಕೊಂಡು ಬಂದೆ. ಆದ್ರ ಉಳದಾಕಿ ಹೆಂಗ ಉಳದಾಳ ಅಂತ ಯಾರೂ ಕೇಳಲಿಲ್ಲ.

ಐದು ತಿಂಗಳಿಗೆ ಕೂಸಿನ್ನ ಕರ್ಕೊಂಡು ನಮ್ಮನಿಗೆ ಬಂದ್ಲು. ಹಗಲೆಲ್ಲಾ ಛಲೋ ಇರ್ತಿದ್ಲು. ರೊಟ್ಟಿ ಬಡೀತಿದ್ಲು, ಕೂಸಿನ್ನ ಎರೀತಿದ್ಲು, ನಗ್ತಿದ್ಲು. ರಾತ್ರಿ ಎರಡು ಅಂದ್ರ ಎಚ್ಚರ ಆಗಿ ಬೆವತು ಕೂತಿರ್ತಿದ್ಲು. ಬಚ್ಚಲಕ್ಕ ಫಿನಾಯಿಲ್ ಹಾಕಿದ್ರ ವಾಂತಿ ಮಾಡ್ಕೋತಿದ್ಲು. ಓಣ್ಯಾಗ ಯಾರದರೆ ಕುಬಸಕ್ಕ ಕರದ್ರ ತಲಿನೋವು ಅಂತ ಮಲಗ್ತಿದ್ಲು. ಕೂಸಿನ ಮೊದಲನೇ ಹುಟ್ಟಿದ ಹಬ್ಬದ ದಿನ ಎಲ್ಲಾರೂ ಕೇಕ್ ಮುಂದ ನಿಂತಾಗ ಆಕಿ ಅಡಿಗಿ ಮನ್ಯಾಗ ನಡಗ್ಕೋತ ನಿಂತಿದ್ಲು. ಎಲ್ಲಾರಿಗೂ ಹುಟ್ಟಿದ ದಿನ, ಆಕೀಗೆ ಅದು ಆ ರಾತ್ರಿ.

ಅವರಿವರು ಹೇಳಿದ್ದು ಹೇಳಿದ್ದ. ಗಾಳಿ ಸೋಕೇತಿ ಅಂದ್ರು, ದೃಷ್ಟಿ ತಗೀರಿ ಅಂದ್ರು. ನಮ್ಮ ದೊಡ್ಡತ್ತಿ ಅಂತೂ "ನಾವೆಲ್ಲಾ ಹೊಲದಾಗ ಹಡದು ಮುಂಜಾನಿ ಬುತ್ತಿ ಹೊತ್ತವ್ರು, ಈಗಿನವಕ್ಕ ನೋವು ಅಂದ್ರ ಗೊತ್ತಿಲ್ಲ" ಅಂದ್ರು. ನಾ ಹಿರೇರಿಗೆ ಎದುರು ಮಾತಾಡಾಕಿ ಅಲ್ಲ. ಅವತ್ತು ಮಾತ್ರ ಕೇಳಿದೆ: "ಅತ್ಯಾರ, ಹಂಗಾರ ನಿಮ್ಮ ತಂಗಿ?" ಅವರ ತಂಗಿ ಎರಡನೇ ಹೆರಿಗ್ಯಾಗ ರಕ್ತ ಹೋಗಿ ತೀರಿಕೊಂಡಾಕಿ. ಮನ್ಯಾಗ ಆಕಿ ಹೆಸರು ತಗಿಯೋದು ಕಮ್ಮಿ. ದೊಡ್ಡತ್ತಿ ಸುಮ್ಮನಾದ್ರು. ಹೊಲದಾಗ ಹಡದು ಉಳದವ್ರು ಕತಿ ಹೇಳ್ತಾರ. ಉಳೀದವ್ರು ಬಂದು ಹೇಳಂಗಿಲ್ಲ.

ಸೊಸಿಗೆ ಇನ್ನೊಂದು ಕೂಸು ಬೇಕಾಗಿತ್ತು. ಇದನ್ನ ನೀವು ತಿಳ್ಕೋಬೇಕು. ತನ್ನ ಮಗಳಿಗೆ ಒಂದು ಜೋಡಿ ಬೇಕು ಅಂತ ಆಕೀನ ಅಂತಿದ್ಲು. ಅಂದು ಮರುಕ್ಷಣ ಅಳ್ತಿದ್ಲು. ಬೇಕು, ಅಂಜಿಕಿ, ಎರಡೂ ಒಂದ ಎದ್ಯಾಗ. ನಾ ಮಗನಿಗೂ ಯಜಮಾನ್ರಿಗೂ ಒಂದ ಮಾತು ಹೇಳಿಟ್ಟಿದ್ದೆ: ಆಕಿ ಬಾಯಿಂದ ಬರೂತನಕ ಈ ಮನ್ಯಾಗ ಯಾರೂ ಆ ಸುದ್ದಿ ತಗೀಬಾರ್ದು.

ನಮ್ಮ ಮಗ ಫೋನ್‌ನ್ಯಾಗ 14416 ಅಂತ ಒಂದು ನಂಬರ್ ಹುಡುಕಿದ. ಟೆಲಿ ಮಾನಸ್ ಅಂತಾರ, ಸರಕಾರದ್ದು, ದುಡ್ಡಿಲ್ಲ, ಕನ್ನಡದಾಗ ಮಾತಾಡ್ತಾರ. ಸೊಸಿ ಬಾಗಿಲ ಹಾಕ್ಕೊಂಡು ಅರ್ಧಾ ತಾಸು ಮಾತಾಡಿದ್ಲು. ಅವರು ಖುದ್ದಾಗಿ ಹೋಗಿ ತೋರಿಸ್ಕೊಳ್ರಿ ಅಂದ್ರು. ಧಾರವಾಡದ ಡಿಮ್ಹಾನ್ಸ್‌ಗೆ ಹ್ವಾದ್ವಿ. ಮಂದಿ ನೋಡಿದ್ರ ಏನಂತಾರೋ ಅಂತ ಸೊಸಿ ಸೆರಗು ಹೊದ್ದಕೊಂಡಿದ್ಲು. ಒಳಗ ಹೋಗಿ ನೋಡಿದ್ರ ಅಲ್ಲಿ ನಮ್ಮಂತಾವ್ರ ಎಲ್ಲಾರೂ.

ಅಲ್ಲಿ ಡಾಕ್ಟ್ರಮ್ಮ ಹೇಳಿದ್ದು ನನ್ನ ನೆನಪಿನ್ಯಾಗ ಐತಿ. ದೊಡ್ಡ ಅಪಘಾತ ಆದವ್ರಿಗೆ, ಯುದ್ಧದಾಗ ಇದ್ದವ್ರಿಗೆ ಆ ಹೊತ್ತು ಮತ್ತ ಮತ್ತ ಕಣ್ಣ ಮುಂದ ಬರ್ತೈತಲ್ಲ, ಹಂಗ ಕೆಟ್ಟ ಹೆರಿಗಿ ಆದವ್ರಿಗೂ ಬರ್ತೈತಂತ. ನೂರು ಬಾಣಂತ್ಯಾರೊಳಗ ಮೂರು-ನಾಲ್ಕು ಮಂದಿಗೆ ಇರ್ತೈತಿ, ಸಾವಿನ ಬಾಗಿಲ ಮಟ ಹೋಗಿ ಬಂದವ್ರೊಳಗ ಇನ್ನೂ ಹೆಚ್ಚು. ಇದು ಬಾಣಂತಿ ಸನ್ನಿ ಅಲ್ಲ, ಅದ ಬ್ಯಾರೆ, ಇದ ಬ್ಯಾರೆ. ಇದಕ್ಕ ಮಾತಿನ ಚಿಕಿತ್ಸಾ ಐತಿ, ಬೇಕಾದ್ರ ಗುಳಿಗಿನೂ ಅದಾವು. ಆರೇಳು ತಿಂಗಳು ಹ್ವಾದ್ವಿ. ಬೆಂಗಳೂರಿನ್ಯಾಗ ಇರೋ ನಮ್ಮ ಹುಡಿಗ್ಯಾರಿಗೆ ಒಂದು ಮಾತು: ಅಲ್ಲಿ ನಿಮ್ಹಾನ್ಸ್‌ದಾಗ ಬಸುರಿ-ಬಾಣಂತ್ಯಾರ ಮನಸ್ಸಿನ ತ್ರಾಸಿಗೆ ಅಂತನ ಬ್ಯಾರೆ ವಿಭಾಗ ಐತಿ, ತಾಯಿ-ಕೂಸು ಇಬ್ರನ್ನೂ ಕೂಡೇ ಇಟ್ಕೊಂಡು ನೋಡೋ ವಾರ್ಡು 2009ರಿಂದ ಐತಿ.

ಆ ಡಾಕ್ಟ್ರಮ್ಮನ ಇನ್ನೊಂದು ಮಾತು ಹೇಳಿದ್ರು. "ಅವತ್ತು ಏನಾತು ಅಂತ ನಿಮಗ ಗೊತ್ತೈತೇನ್ರಿ?" ಸೊಸಿ ಅಂದ್ಲು, "ನನಗ ಧಮ್ ಸಾಲಲಿಲ್ಲ. ಸರಿಯಾಗಿ ತಿಣುಕಾಕ ಬರಲಿಲ್ಲ. ಅದಕ್ಕ ಹಂಗಾತು." ಎರಡು ವರ್ಷ ಆಕಿ ಇದನ್ನ ಹೊತ್ಕೊಂಡು ತಿರಿಗ್ಯಾಳ ಅಂತ ನಮಗ ಅವತ್ತ ತಿಳೀತು. "ಕಾಗದ ತರಿಸ್ರಿ, ಏನು ಬರದಾರ ನೋಡೋಣು" ಅಂದ್ರು.

ಇದು ನಿಮ್ಮೆಲ್ಲಾರಿಗೂ ಉಪಯೋಗ ಆಗೋ ಮಾತು, ಅದಕ್ಕ ಬಿಡಿಸಿ ಹೇಳ್ತೇನಿ. ಡಿಸ್ಚಾರ್ಜ್ ಮಾಡೋವಾಗ ಕೊಡೋ ಒಂದು ಹಾಳ್ಯಾಗ ಎಲ್ಲಾ ಇರಂಗಿಲ್ಲ. ಒಳಗಿನ ಪೂರಾ ಕಡತ ಬ್ಯಾರೆ ಇರ್ತೈತಿ. ಬ್ಯಾನಿ ತಿನ್ನೋವಾಗ ತಾಸು ತಾಸಿಗೆ ಏನು ನೋಡಿದ್ರು, ಆಪರೇಷನ್‌ದಾಗ ಏನು ಮಾಡಿದ್ರು, ಎಷ್ಟು ರಕ್ತ ಕೊಟ್ಟರು ಅಂತ ಎಲ್ಲಾ ಅದರಾಗ ಬರೀತಾರ. ವೈದ್ಯಕೀಯ ಪರಿಷತ್ತಿನ 2002ರ ನಿಯಮದಾಗ ಐತಿ: ಡಾಕ್ಟ್ರು ಈ ಕಡತಾನ ಮೂರು ವರ್ಷ ಇಟ್ಕೋಬೇಕು, ರೋಗಿನೋ ಮನಿಯವ್ರೋ ಕೇಳಿದ್ರ 72 ತಾಸಿನೊಳಗ ಕೊಡಬೇಕು. ಮೂರು ವರ್ಷ ಅಂದ್ರ ಎರಡನೇ ಕೂಸಿನ ಇಚಾರ ಬರೂದ್ರಾಗ ಮುಗದಿರ್ತೈತಿ ನೋಡ್ರಿ. ಅದಕ್ಕ ಬೇಕೋ ಬ್ಯಾಡೋ, ಮೊದಲ ತಗೊಂಡು ಇಟ್ಕೊಂಡುಬಿಡ್ರಿ.

ಮಗ ಅರ್ಜಿ ಬರಕೊಂಡು ಹ್ವಾದ. "ಹಳೇ ಕಾಗದ ಯಾಕ? ಕೇಸ್ ಹಾಕ್ತೀರೇನು?" ಅಂದ್ರಂತ. "ಎರಡನೇ ಹೆರಿಗಿಗೆ ಡಾಕ್ಟ್ರು ಕೇಳ್ಯಾರ್ರಿ" ಅಂತ ಅರ್ಜಿ ಮ್ಯಾಲೆ ಸಿಕ್ಕಾ ಹೊಡಿಸ್ಕೊಂಡು ಬಂದ. ಮೂರನೇ ದಿನ ಕೊಟ್ಟರು, ಝೆರಾಕ್ಸ್, ಇಪ್ಪತ್ತೆಂಟು ಹಾಳಿ.

ಹುಬ್ಬಳ್ಳ್ಯಾಗ ಒಬ್ಬ ಹೆರಿಗಿ ಡಾಕ್ಟ್ರಮ್ಮನ ಕಡೆ ಅವನ್ನ ಒಯ್ದ್ವಿ. ಹಾಳಿ ಒಂದೊಂದ ತಿರುವಿ ಹೇಳಿದ್ರು. ಆಪರೇಷನ್ ಮಾಡಿದ್ದು ಕೂಸಿನ ಎದಿಬಡಿತ ಇಳೀತಂತ. ಅದಕ್ಕೂ ತಾಯಿ ತಿಣುಕೋದಕ್ಕೂ ಸಂಬಂಧ ಇಲ್ಲ. ರಕ್ತ ಹೋಗಿದ್ದು ಯಾಕ ಅಂದ್ರ, ಕೂಸು, ಮಾಸು ಹೊರಗ ಬಂದ ಮ್ಯಾಲೆ ಗರ್ಭಚೀಲ ಮುಷ್ಟಿ ಹಿಡದಂಗ ಬಿಗೀಬೇಕು, ಆವಾಗ ಒಳಗಿನ ರಕ್ತನಾಳ ಮುಚ್ಚತಾವು. ತಾಸುಗಟ್ಟಲೆ ಬ್ಯಾನಿ ತಿಂದು ದಣಿದ ಚೀಲ ಬಿಗೀಲಿಲ್ಲ. ಅದರಾಗ ಅವತ್ತು ಆಕೀ ಹಿಮೋಗ್ಲೋಬಿನ್ 8.8 ಇತ್ತು. ಬಸುರ್ಯಾಗ 11ಕ್ಕಿಂತ ಕಡಿಮಿ ಅಂದ್ರ ರಕ್ತ ಕಮ್ಮಿ ಅಂತ ಲೆಕ್ಕ. ಕಮ್ಮಿ ಇದ್ದಾಕೀಗೆ ಅಷ್ಟ ರಕ್ತ ಹ್ವಾದ್ರೂ ಜೀವಕ್ಕ ಬರ್ತೈತಿ.

ಸೊಸಿ ಕೇಳಿದ್ಲು, "ಹಂಗಾರ ನಂದೇನೂ ತಪ್ಪಿಲ್ಲೇನ್ರಿ ಮೇಡಂ?"

"ನಿಂದೇನು ತಪ್ಪವ್ವಾ ಇದರಾಗ" ಅಂದ್ರು.

ಕಾರಿನ್ಯಾಗ ಹಿಂದ ಕೂತು ಮನಿ ಬರೂತನಕ ಅತ್ಲು. ನಾ ತಡೀಲಿಲ್ಲ. ಆ ಅಳೂನ ಬ್ಯಾರೆ ಇತ್ತು.

ಅದಾಗಿ ಸುಮಾರು ಒಂದು ವರ್ಷಕ್ಕ ಆಕೀನ ಬಂದು "ಅತ್ತಿ, ನಾವು ಇಚಾರ ಮಾಡೇವಿ" ಅಂದ್ಲು. ನಾ ಮೊದಲ ಗುಳಿಗಿ ತರಿಸಿದೆ. ನಗಬ್ಯಾಡ್ರಿ. ಬಸುರಾದ ಮ್ಯಾಲೆ ರಕ್ತ ಏರಿಸೋದಕ್ಕಿಂತ ಆಗೂಕಿಂತ ಮೊದಲ ಏರಿಸ್ಕೊಳ್ಳೋದು ಸಲೀಸು. ಆವಾಗ 9.6 ಇತ್ತು, ಈಗ 11.4 ಐತಿ. ಡಾಕ್ಟ್ರು ಬರಕೊಟ್ಟ ಕಬ್ಬಿಣದ ಗುಳಿಗಿ, ಅದರ ಜೋಡಿ ಲಿಂಬಿಹಣ್ಣಿನ ಪಾನಕ. ಮುಂದ ಒಂದೆರಡು ತಾಸು ಚಹಾ ಇಲ್ಲ. ಚಹಾ ಕುಡದ್ರ ಗುಳಿಗಿ ನುಂಗಿದ್ದು ಮೈಗೆ ಹತ್ತಂಗಿಲ್ಲ. ಕ್ಯಾಲ್ಸಿಯಂ ಗುಳಿಗೀನೂ ಇದರ ಜೋಡಿ ಬ್ಯಾಡ, ಬ್ಯಾರೆ ಹೊತ್ತಿನ್ಯಾಗ. ಮಲ ಕಪ್ಪಗಾಗ್ತೈತಿ, ಅಂಜಬಾರ್ದು. ಬಸುರ್ಯಾಗ 180 ದಿನ, ಹಡದ ಮ್ಯಾಲೂ 180 ದಿನ ಅಂತ ಆಶಾ ಕಾರ್ಯಕರ್ತೆ ಹೇಳ್ಯಾಳ. ಹಡದ ಕೂಡ್ಲೆ ಗುಳಿಗಿ ಬಿಡೋದು ನಮ್ಮ ಕಡೆ ಭಾಳ. ರಕ್ತ ಹೋಗಿರೋದು ಆವಾಗ ಅಲ್ಲೇನ್ರಿ? ಊಟಕ್ಕ ನುಗ್ಗಿಸೊಪ್ಪು, ರಾಜಗಿರಿ, ಮಡಕಿಕಾಳು, ಶೇಂಗಾ-ಬೆಲ್ಲ ಇದ್ದದ್ದ. ಆದ್ರ ಬರೇ ಸೊಪ್ಪಿನ ಮ್ಯಾಲೆ ಭಾರ ಹಾಕಿ ಗುಳಿಗಿ ಬಿಡಬಾರ್ದು ಅಂತ ಡಾಕ್ಟ್ರು ಖಡಕ್ಕಾಗಿ ಹೇಳ್ಯಾರ.

ಇನ್ನ ದೊಡ್ಡ ಪ್ರಶ್ನಿ, ಹೆರಿಗಿ ಹೆಂಗ ಅನ್ನೋದು. ಒಮ್ಮೆ ಆಪರೇಷನ್ ಆದ್ರ ಮತ್ತ ಆಪರೇಷನ್ನ ಅಂತ ನಾವೆಲ್ಲಾ ತಿಳ್ಕೊಂಡೇವಿ. ಹಂಗೇನಿಲ್ಲಂತ. ಗರ್ಭಚೀಲದ ಕೆಳಗ ಅಡ್ಡ ಕೊಯ್ದಿದ್ರ, ಬ್ಯಾರೆ ತೊಂದ್ರಿ ಇಲ್ಲಂದ್ರ ನಾರ್ಮಲ್‌ಗೆ ಪ್ರಯತ್ನ ಮಾಡಬಹುದು. ಪ್ರಯತ್ನ ಮಾಡಿದ ನೂರು ಮಂದ್ಯಾಗ 60ರಿಂದ 80 ಮಂದಿಗೆ ಆಗ್ತೈತಿ. ಆದ್ರ 200 ಮಂದ್ಯಾಗ ಒಬ್ಬಾಕೀಗೆ ಹಳೇ ಹೊಲಿಗಿ ಬಿಡೋ ಅಪಾಯ ಐತಿ. ಅದಕ್ಕ ಹಗಲು-ರಾತ್ರಿ ಆಪರೇಷನ್ ಮಾಡಾಕ ತಯಾರಿರೋ ಕಡೆ ಅಷ್ಟ ಪ್ರಯತ್ನ ಮಾಡಬೇಕು. ಹೊಟ್ಟಿ ಮ್ಯಾಲಿನ ಗೆರಿ ನೋಡಿ ಒಳಗಿನ ಕೊಯ್ತ ಹೆಂಗೈತಿ ಅಂತ ಹೇಳಾಕ ಬರಂಗಿಲ್ಲ. ಅದನ್ನ ತೋರಿಸಿದ್ದೂ ಆ ಇಪ್ಪತ್ತೆಂಟು ಹಾಳೀನ.

ಡಾಕ್ಟ್ರಮ್ಮ ಎರಡರ ಒಳಿತು-ಕೆಡಕು ಹೇಳಿ, ಮನಿಗೆ ಹೋಗಿ ಇಚಾರ ಮಾಡ್ರಿ ಅಂದ್ರು. ಮನ್ಯಾಗ ಒಬ್ಬೊಬ್ಬರದು ಒಂದೊಂದು. ಬೀಗ್ತಿ ನಾರ್ಮಲ್ ಆಗ್ಲಿ ಅಂದ್ರು, ನಮ್ಮ ಯಜಮಾನ್ರು ಆಪರೇಷನ್ನ ಛಲೋ ಅಂದ್ರು. ಸೊಸಿ ಹದಿನೈದು ದಿನ ತಗೊಂಡು ಹೇಳಿದ್ಲು, "ಮತ್ತ ಬ್ಯಾನಿ ತಿಂದು ಕಡೀಕ ಓಡಿಸ್ಕೊಂಡು ಹೋಗೋದು ನನ್ನ ಕೈಲಾಗಂಗಿಲ್ಲ. ದಿನಾ ಗೊತ್ತು ಮಾಡಿ, ನಾನ ನಡಕೊಂಡು ಒಳಗ ಹೋಗ್ತೇನಿ." ಮುಗೀತು. ಇದಕ್ಕ ಯಾರೋ "ಸುಖದ ಹೆರಿಗಿ" ಅಂದ್ರು. ಹೊಟ್ಟಿ ಏಳು ಪದರ ಕೊಯ್ಸಿಕೊಳ್ಳೋದರಾಗ ಸುಖ ಎಲ್ಲೈತಿ? ಇನ್ನೊಬ್ಬಾಕಿ ಇದ ಸ್ಥಿತ್ಯಾಗ ನಾರ್ಮಲ್ ಬೇಕಂದಿದ್ರ ಅದೂ ಸರೀನ. ಹಡಿಯಾಕಿ ತಿಳ್ಕೊಂಡು ಆರಿಸ್ಕೋಬೇಕು, ಅಷ್ಟ.

ಎಲ್ಲಿ ಅನ್ನೋದು ಇನ್ನೊಂದು ಗದ್ದಲ. ಬೀಗ್ತಿಗೆ ಇದೂ ತಮ್ಮ ಊರಾಗ ಆಗ್ಲಿ ಅಂತ ಆಸೆ. ಮೊದಲನೇದು ಕೆಟ್ಟಿದ್ದು ತಮ್ಮ ಊರಾಗಂತ ಅವರಿಗೆ ಒಳಗ ಭಾಳ ಹತ್ತೇತಿ. ನಾ ಅವರ ಕೈ ಹಿಡದು ಹೇಳಿದೆ, "ಅದರಾಗ ನಿಮ್ಮದೇನೂ ಇಲ್ರಿ. ಒಮ್ಮೆ ರಕ್ತ ಹ್ವಾದಾಕೀಗೆ ಮತ್ತ ಹೋಗೋ ಸಾಧ್ಯತಾ ಜಾಸ್ತಿ ಅಂತ. ರಕ್ತ ನಿಧಿ ಇರೋ, ಅರಿವಳಿಕೆ ಡಾಕ್ಟ್ರು ರಾತ್ರಿನೂ ಇರೋ ಹುಬ್ಬಳ್ಳಿ ಆಸ್ಪತ್ರ್ಯಾಗ ಆಗ್ಲಿ. ಬಾಣಂತನಕ್ಕ ನೀವ ಬರ್ರಿ, ಎರಡು ತಿಂಗಳು ನಮ್ಮನ್ಯಾಗ ಇರ್ರಿ." ಬೀಗರ ಮನ್ಯಾಗ ಎರಡು ತಿಂಗಳು ಇದ್ರ ಮಂದಿ ಏನಂತಾರ ಅಂದ್ರು. ಮಂದಿ ಅಂದ್ರ ನೀವ ಅಲ್ಲೇನ್ರಿ? ಅದಕ್ಕ ಇಲ್ಲೇ ಬರದೇನಿ, ಏನೂ ಅನಬ್ಯಾಡ್ರಿ.

ಸೊಸಿ ಎಲ್ಲಾನೂ ಒಂದು ಹಾಳ್ಯಾಗ ಬರದು ತಾಯಿ ಕಾರ್ಡಿನ ಒಳಗ ಇಟ್ಟಾಳ. ಆಕೀ ಮಾತಿನ್ಯಾಗ ಹಿಂಗೈತಿ:

1. ಆಪರೇಷನ್ 39 ವಾರ ತುಂಬಿದ ಮೇಲೆ. ಅದಕ್ಕಿಂತ ಮೊದಲು ಬ್ಯಾನಿ ಬಂದರೆ, ನೀರು ಹೋದರೆ, ರಕ್ತ ಕಂಡರೆ ಮನೆಯಲ್ಲಿ ತಡ ಮಾಡಬಾರದು. ಗಾಡಿ ಇಲ್ಲದಿದ್ದರೆ 108.

2. ಮೊದಲ ಹೆರಿಗೆಯಲ್ಲಿ ರಕ್ತ ಬಹಳ ಹೋಗಿತ್ತು. ಇದನ್ನು ಆಸ್ಪತ್ರೆ ಒಳಗೆ ಹೋದ ಕೂಡಲೇ ಎದುರಿಗೆ ಸಿಕ್ಕ ಡಾಕ್ಟರ್, ನರ್ಸ್ ಇಬ್ಬರಿಗೂ ಹೇಳುವುದು ಇವರ ಕೆಲಸ. ಎರಡು ಬಾಟಲಿ ರಕ್ತ ತಯಾರಿರಬೇಕು.

3. ಏನು ಮಾಡುವುದಿದ್ದರೂ ಮೊದಲು ನನಗೆ ಹೇಳಿ. ಅವಸರ ಇದ್ದರೆ ಒಂದೇ ಮಾತಿನಲ್ಲಿ ಹೇಳಿ. ಸುಮ್ಮನೆ ಎಳೆದುಕೊಂಡು ಹೋಗಬೇಡಿ.

4. ಕೂಸು ಆರಾಮ ಇದ್ದರೆ ಅಲ್ಲಿಯೇ ತೋರಿಸಿ, ನನ್ನ ಗಲ್ಲಕ್ಕೆ ಹಚ್ಚಿ. ಪೆಟ್ಟಿಗೆಯಲ್ಲಿ ಇಡುವುದಾದರೆ ಇವರು ಕೂಸಿನ ಜೋಡಿ ಹೋಗಲಿ, ಅತ್ತೆ ನನ್ನ ಹತ್ತಿರ ಇರಲಿ. ಫೋಟೋ ತೆಗೆದು ನನಗೆ ತೋರಿಸಿ.

5. ಗಂಡೋ ಹೆಣ್ಣೋ ಅಂತ ನನ್ನ ಮುಂದೆ ಯಾರೂ ಮಾರಿ ಸಣ್ಣ ಮಾಡಬಾರದು.

6. ಹಡೆದು ಮೂರನೇ ವಾರ ಧಾರವಾಡದ ಡಾಕ್ಟರ್ ಜೋಡಿ ಮಾತಾಡುವುದು. ಆರಾಮ ಇದ್ದರೂ ಮಾತಾಡುವುದು.

ಡಾಕ್ಟ್ರಮ್ಮ ಇದನ್ನ ಪೂರ್ತಿ ಓದಿದ್ರು. "ಗಂಡ ಆಪರೇಷನ್ ಕೋಲ್ಯಾಗ ಇರಬೇಕು" ಅಂತ ಇನ್ನೊಂದಿತ್ತು, ಅದಾಗಂಗಿಲ್ಲ ಅಂತ ಗೆರಿ ಹೊಡದ್ರು. ಬದ್ಲಿಗೆ ಅರಿವಳಿಕೆ ಕೊಡೋವ್ರು ತಲಿ ಕಡೆ ಕೂತು ಒಂದೊಂದ ಹೇಳ್ಕೋತ ಇರ್ತಾರ, ಅವರ್ನ ಮೊದಲ ಭೆಟ್ಟಿ ಮಾಡಿಸ್ತೇನಿ ಅಂದ್ರು, ಮಾಡಿಸಿದ್ರು. ಉಳಿದದ್ದರ ಮ್ಯಾಲೆ ಸಹಿ ಹಾಕಿ ಒಂದು ಪ್ರತಿ ತಮ್ಮ ಕಡತದಾಗ ಇಟ್ಕೊಂಡ್ರು. ಏನರೆ ಹೆಚ್ಚು-ಕಮ್ಮಿ ಆದ್ರ ಈ ಹಾಳಿ ಬದಲಾಗ್ತೈತಿ, ಆದ್ರ ಬದಲಾಗಿದ್ದು ನಿನಗ ಹೇಳೇ ಮಾಡ್ತೇವಿ ಅಂದ್ರು. ಆಪರೇಷನ್ ಆದವ್ರಿಗೆ ಮಾಸು ಹಳೇ ಹೊಲಿಗಿ ಮ್ಯಾಲೆ ಕೂತೈತೇನು ಅಂತ ಸ್ಕ್ಯಾನಿಂಗ್‌ದಾಗ ನೋಡಬೇಕಂತ. ನೋಡ್ಯಾರ, ದೂರ ಐತಿ.

ನಾರ್ಮಲ್‌ಗೆ ಕಾಯೋ ಹುಡಿಗ್ಯಾರಿಗೂ ಒಂದು ಮಾತು. ಬ್ಯಾನಿ ತಿನ್ನೋವಾಗ ಜೋಡಿಗೆ ಒಬ್ಬರು ಇರಬಹುದು ಅಂತ ಕೇಂದ್ರ ಸರಕಾರ ಸರಕಾರಿ ಆಸ್ಪತ್ರಿಗೆ 2016ರಾಗ ಹೇಳೇತಿ. ಹೆಸರು ಹಚ್ಚೋವಾಗ ಕೇಳಿ ಇಟ್ಕೊಳ್ರಿ, ಬ್ಯಾನಿ ಬಂದ ಮ್ಯಾಲೆ ಬಾಗಿಲ ಮುಂದ ವಾದ ಮಾಡಾಕ ಆಗಂಗಿಲ್ಲ.

ಸೊಸಿಗೆ ಅಂಜಿಕಿ ಪೂರಾ ಹೋಗೇತಿ ಅಂತ ನಾ ಹೇಳಂಗಿಲ್ಲ. ಮೊನ್ನೆ ರಾತ್ರಿನೂ ಎದ್ದು ಕೂತಿದ್ಲು. ನಾನೂ ಎದ್ದೆ. ಆಕಿ ಲೈಟ್ ಹಚ್ಚಿ ಆ ಹಾಳಿ ತಗದು ಒಮ್ಮೆ ಓದಿದ್ಲು, ಮಡಚಿ ಇಟ್ಟು ಮಲಕೊಂಡ್ಲು. ಮೊದಲಿನಂಗ ಬೆಳಕು ಹರಿಯೂತನಕ ಕೂಡಲಿಲ್ಲ.

ಕುಬಸ ಸಣ್ಣದಾಗಿ ಮನ್ಯಾಗ ಮಾಡೋದು ಅಂತ ಮಾಡೇವಿ. ಹಸಿರು ಕುಬಸ, ಹಸಿರು ಬಳಿ, ಐದು ಮಂದಿ ಮುತ್ತೈದ್ಯಾರು, ಹೋಳಿಗಿ. ಕರೀಲಿಲ್ಲ ಅಂತ ಸಿಟ್ಟಾಗಬ್ಯಾಡ್ರಿ, ಗದ್ದಲ ಬ್ಯಾಡ ಅಂತ ಆಕೀನ ಕೇಳ್ಕೊಂಡಾಳ. ಅಂಟಿನ ಉಂಡಿಗೆ ಒಣಖೊಬ್ಬರಿ ಬೀಗ್ತಿ ಆಗಲೇ ಕಳಿಸ್ಯಾರ. ನನ್ನ ನೆಗೆಣ್ಣಿ ಮಗ, ನಮ್ಮ ಓಣಿ ಇನ್ನೊಬ್ಬ ಹುಡುಗ, ಇಬ್ರೂ ರಕ್ತ ಕೊಡಾಕ ಹೆಸರು ಕೊಟ್ಟಾರ.

ನಿಮ್ಮ ಕಡೆ ಒಂದ ಕೇಳ್ಕೋತೇನಿ. ಹಡದ ಸುದ್ದಿ ನಾನ ಫೋನ್ ಮಾಡಿ ಹೇಳ್ತೇನಿ, ಮೊದಲನೇ ವಾರ ಯಾರೂ ಆಸ್ಪತ್ರಿಗೆ ಬರಬ್ಯಾಡ್ರಿ. ಆಮ್ಯಾಲೆ ಮನಿಗೆ ಬರ್ರಿ, ಉಂಡಿ ತಿಂದು ಹೋಗ್ರಿ. ಬಂದಾಗ ತೊಟ್ಟಿಲ ಕಡೆ ಹೋಗೂಕಿಂತ ಮೊದಲ ಆಕೀ ಕಡೆ ಒಂದು ಗಳಿಗಿ ಕೂತು "ನೀ ಹೆಂಗದೀಯವ್ವಾ?" ಅಂತ ಕೇಳ್ರಿ. ಆಕಿ ಅವತ್ತಿನ ಕತಿ ಹೇಳಾಕ ಸುರು ಮಾಡಿದ್ರ ನಡಕ ನಿಮ್ಮ ಹೆರಿಗಿ ಕತಿ ತಗೀಬ್ಯಾಡ್ರಿ. ಪೂರಾ ಹೇಳಲಿ, ಕೇಳ್ರಿ.